ಗ್ವಾಂಟನಾಮೋದಲ್ಲಿ ಭಯೋತ್ಪಾದಕರಿಗೆ ಹಿಂಸೆ ಕೊಟ್ಟಿದ್ದರಲ್ಲಿ ತಪ್ಪೇನು?

ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. 2001ರ ಸೆಪ್ಟೆಂಬರ್ 11ರಂದು ಸುಮಾರು ಮೂರು ಸಾವಿರ ಜನರನ್ನು ಕೊಂದ ಅಲ್ ಖೈದಾ ಗುಂಪಿನವರಿಗೆ, ಕ್ಯೂಬಾದ ಗ್ವಾಂಟನಾಮೋದಲ್ಲಿರುವ ತನ್ನ ಸೆರೆಮನೆಯಲ್ಲಿ ಅಮೆರಿಕದ ಸೇನೆ ನಾಲ್ಕು ಬಾರಿಸಿದರೆ ತಪ್ಪೇನು? ಅದರಿಂದ ಮಾಹಿತಿ ಸಿಕ್ಕಿತಲ್ಲವೇ? ತಪ್ಪೇ ಅಂತಾದರೆ ಯಾರಿಗಾದರೂ ಶಿಕ್ಷೆ ಆಯಿತೇ?

ನಾನು ಜಿಲ್ಲಾ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಮಾನವೀಯತೆಯ ಭಾಷಣ ಬಿಗಿಯುವುದಿಲ್ಲ, ಇದನ್ನೂ ಒಂದು ಕೇಸಿನ ಹಾಗೆಯೇ ನೋಡುತ್ತೇನೆ. ಅಮಾಯಕನೊಬ್ಬನ ಕಥೆ ಹೇಳಿ ನಿಮ್ಮ ಮನಸ್ಸು ಕರಗಿಸುವುದು ಸುಲಭ. ಹಾಗಾಗಿ ಬೇಕೆಂದೇ ಅಮಾಯಕನಲ್ಲದವನನ್ನು ಆರಿಸಿಕೊಂಡಿದ್ದೇನೆ: ಸೌದಿ ಅರೇಬಿಯಾದ ಮೊಹಮ್ಮದ್ ಅಲ್ ಖಹ್ತಾನಿ.

2001ರ ಆಗಸ್ಟ್ 4ರಂದು ಈತ ಫ್ಲೋರಿಡಾದ ಒರ್ಲ್ಯಾಂಡೋ ವಿಮಾನ ನಿಲ್ದಾಣದಲ್ಲಿ ಇಳಿದ. ವಾಪಸಾತಿ ಟಿಕೆಟ್ ಇರಲಿಲ್ಲ, ಹೋಟೆಲ್ ಬುಕಿಂಗ್ ಇರಲಿಲ್ಲ, ಕರೆದೊಯ್ಯಲು ಯಾರು ಬರುತ್ತಾರೆಂದು ಕೇಳಿದರೆ ನೆಟ್ಟಗೆ ಉತ್ತರ ಇಲ್ಲ. ಹೋಸೆ ಮೆಲೆಂಡೆಜ್ ಪೆರೆಜ್ ಎಂಬ ಇಮಿಗ್ರೇಷನ್ ಅಧಿಕಾರಿ ಫೋನಿನಲ್ಲಿ ಅರಬ್ಬಿ ದುಭಾಷಿಯನ್ನು ಹಿಡಿದು ಪ್ರಶ್ನೆ ಕೇಳಿದರು, ಅನುಮಾನ ಗಟ್ಟಿಯಾಯಿತು, ಬಂದ ದಾರಿಯಲ್ಲೇ ವಾಪಸ್ ಕಳಿಸಿದರು. ಅದೇ ಹೊತ್ತಿನಲ್ಲಿ ಆ ನಿಲ್ದಾಣದಲ್ಲಿ ಕಾಯುತ್ತಿದ್ದವನು ಸೆಪ್ಟೆಂಬರ್ 11ರ ದಾಳಿಯ ಮುಖಂಡ ಮೊಹಮ್ಮದ್ ಅಟ್ಟಾ. ಖಹ್ತಾನಿ ಆ ದಾಳಿಯ ಇಪ್ಪತ್ತನೆಯ ವಿಮಾನ ಅಪಹರಣಕಾರ ಆಗಬೇಕಿದ್ದವನು ಎಂಬುದು ಅಮೆರಿಕದ ವಾದ. ಅವನನ್ನು ನಿಜಕ್ಕೂ ತಡೆದದ್ದು ತಾಳ್ಮೆಯಿಂದ ಪ್ರಶ್ನೆ ಕೇಳಿದ ಒಬ್ಬ ಸರ್ಕಾರಿ ನೌಕರ. ಇದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಆ ವರ್ಷದ ಕೊನೆಗೆ ಅಫ್ಘಾನಿಸ್ತಾನದ ಯುದ್ಧದ ಹೊತ್ತಿನಲ್ಲಿ ಸಿಕ್ಕಿಬಿದ್ದು ಗ್ವಾಂಟನಾಮೋ ಸೇರಿದ. ಅವನು ಯಾರೆಂದು ಗೊತ್ತಾದದ್ದು 2002ರ ಬೇಸಿಗೆಯಲ್ಲಿ, ಅದೂ ಬೆರಳಚ್ಚಿನಿಂದ. ಒರ್ಲ್ಯಾಂಡೋದಲ್ಲಿ ತೆಗೆದುಕೊಂಡಿದ್ದ ಬೆರಳಚ್ಚು ತಾಳೆಯಾಯಿತು. ಇಮಿಗ್ರೇಷನ್ ದಾಖಲೆ, ಬೆರಳಚ್ಚು, ಅಟ್ಟಾ ಅಲ್ಲಿದ್ದ ಪುರಾವೆ, ಜೊತೆಗೆ ಬಾಯಿಬಿಟ್ಟು ಸಾಕ್ಷಿ ಹೇಳಬಲ್ಲ ಅಧಿಕಾರಿ. ನಮ್ಮ ಯಾವುದೇ ಪಬ್ಲಿಕ್ ಪ್ರಾಸಿಕ್ಯೂಟರ್ ಇಂಥ ಫೈಲು ಸಿಕ್ಕರೆ ಕೈಮುಗಿದು ತೆಗೆದುಕೊಳ್ಳುತ್ತಾರೆ.

ಸೇನೆ ಮಾಡಿದ್ದೇನು? 2002ರ ನವೆಂಬರ್ 23ರ ಬೆಳಗಿನ ಜಾವ ಅವನ ತಲೆಗೆ ಮುಸುಕು ಹಾಕಿ ಗ್ವಾಂಟನಾಮೋದೊಳಗಿನ ಕ್ಯಾಂಪ್ ಎಕ್ಸ್‌ರೇಗೆ ತಂದು, ಮುಸುಕು ತೆಗೆದು, ನೆಲಕ್ಕೆ ಬಿಗಿದು ಕೂರಿಸಿತು. ಅಲ್ಲಿಂದ ಜನವರಿ 11ರವರೆಗೆ ಹೆಚ್ಚುಕಡಿಮೆ ಪ್ರತಿದಿನ 18ರಿಂದ 20 ಗಂಟೆ ವಿಚಾರಣೆ. ಗಂಟೆಗಂಟೆಗೂ ಏನಾಯಿತೆಂದು ವಿಚಾರಣೆ ಮಾಡಿದವರೇ ಬರೆದಿಟ್ಟ ದಿನಚರಿ 2005ರಲ್ಲಿ ಬಯಲಾಯಿತು. ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಓದಿ. ನಾನು ಓದಿದ್ದೇನೆ. ಅದರಲ್ಲಿ ರೋಷವೇ ಇಲ್ಲ, ಠಾಣೆಯ ಡೈರಿ ಬರೆದ ಹಾಗೆ ತಣ್ಣಗಿದೆ.

ಮೂರನೆಯ ದಿನದ್ದು ಹೀಗಿದೆ. ಅವನು ನೀರು ಕುಡಿಯಲು ಒಪ್ಪದಿದ್ದಾಗ ನರದ ಮೂಲಕ ಮೂರೂವರೆ ಚೀಲ ಡ್ರಿಪ್ ಏರಿಸುತ್ತಾರೆ. ಮೂತ್ರಕ್ಕೆ ಹೋಗಬೇಕು ಅನ್ನುತ್ತಾನೆ. ಮೊದಲು ಉತ್ತರ ಹೇಳು ಅನ್ನುತ್ತಾರೆ. ಯಾರಿಗಾಗಿ ಕೆಲಸ ಮಾಡುತ್ತೀ ಎಂದರೆ ಅಲ್ ಖೈದಾ ಅನ್ನುತ್ತಾನೆ, ನಾಯಕ ಯಾರು ಎಂದರೆ ಒಸಾಮಾ ಬಿನ್ ಲಾಡೆನ್ ಅನ್ನುತ್ತಾನೆ. ಮುಂದಿನ ಉತ್ತರಗಳು ಅವರಿಗೆ ಹಿಡಿಸುವುದಿಲ್ಲ. ಬಟ್ಟೆಯಲ್ಲೇ ಮಾಡಿಕೋ ಅನ್ನುತ್ತಾರೆ, ಮಾಡಿಕೊಳ್ಳುತ್ತಾನೆ. ಇನ್ನೊಂದು ದಿನ, ಕಣ್ಣು ಒಂದೇ ಕಡೆ ನೆಡದಂತೆ, ನಿದ್ದೆ ಹತ್ತದಂತೆ ಅವನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸುತ್ತಾರೆ. ಆ ಸಲಹೆ ಕೊಟ್ಟದ್ದು ಸೇನೆಯ ಮನಃಶಾಸ್ತ್ರಜ್ಞ. ತೂಕಡಿಸಿದರೆ ತಲೆಗೆ ನೀರು, ಜೋರು ಸಂಗೀತ. ಕುತ್ತಿಗೆಗೆ ಹಗ್ಗ ಕಟ್ಟಿ ನಾಯಿಯಂತೆ ಆಟ ಆಡಿಸಿದ್ದೂ ಅದೇ ದಿನಚರಿಯಲ್ಲಿದೆ.

ಡಿಸೆಂಬರ್ 7ರಂದು ಹೃದಯ ಬಡಿತ ನಿಮಿಷಕ್ಕೆ 35ಕ್ಕೆ ಇಳಿಯಿತು. ಆಸ್ಪತ್ರೆಗೆ ಹಾಕಿದರು, ಸ್ಕ್ಯಾನ್ ಮಾಡಿದರು, ಒಂದಿಷ್ಟು ನಿದ್ದೆಗೆ ಬಿಟ್ಟರು. ಚೇತರಿಸಿಕೊಂಡ ಅಂತ ವೈದ್ಯರು ಹೇಳಿದ ಮೇಲೆ ಮತ್ತೆ ಅದೇ ಕೋಣೆ. ಕಾವಲಿನವರ ಸಿಟ್ಟಿನ ಏಟುಗಳನ್ನು ನಾನು ಕೇಸುಗಳಲ್ಲಿ ಕಂಡಿದ್ದೇನೆ. ಆದರೆ ಸಾಯದಂತೆ ನೋಡಿಕೊಳ್ಳಲು ಪಕ್ಕದಲ್ಲೇ ಡಾಕ್ಟರನ್ನು ನಿಲ್ಲಿಸಿಕೊಂಡು ನಡೆಸುವ ವ್ಯವಸ್ಥೆಗೆ ಸಿಟ್ಟು ಕಾರಣ ಅನ್ನಲು ಬರುವುದಿಲ್ಲ.

ಇದಕ್ಕೆ ಕಾಗದ ಇತ್ತು. ಯುದ್ಧಕೈದಿಗಳಿಗೆ ರಕ್ಷಣೆ ಕೊಡುವ ಜಿನೀವಾ ಒಪ್ಪಂದ ಅಲ್ ಖೈದಾದವರಿಗೆ ಅನ್ವಯಿಸುವುದಿಲ್ಲವೆಂದು ಅಧ್ಯಕ್ಷ ಬುಷ್ 2002ರ ಫೆಬ್ರವರಿ 7ರಂದು ಬರೆದರು. ಆಗಸ್ಟ್ 1ರಂದು ನ್ಯಾಯ ಇಲಾಖೆಯಿಂದ ಇನ್ನೊಂದು ಟಿಪ್ಪಣಿ ಬಂತು: ಅಂಗಾಂಗ ವಿಫಲವಾಗುವ ಮಟ್ಟದ ನೋವಿದ್ದರೆ ಮಾತ್ರ ಅದು ಚಿತ್ರಹಿಂಸೆ ಅಂತ. ಡಿಸೆಂಬರ್ 2ರಂದು ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ವಿಚಾರಣೆಯ ವಿಧಾನಗಳ ಪಟ್ಟಿಗೆ ಸಹಿ ಹಾಕಿದರು. ಬಟ್ಟೆ ಬಿಚ್ಚಿಸುವುದು, ಒಂಟಿಯಾಗಿ ಇಡುವುದು, ನಾಯಿಗಳಿಂದ ಹೆದರಿಸುವುದು, ನಾಲ್ಕು ಗಂಟೆ ನಿಲ್ಲಿಸುವುದು ಎಲ್ಲ ಅದರಲ್ಲಿದ್ದವು. ಸಹಿಯ ಕೆಳಗೆ ಕೈಬರಹದಲ್ಲಿ ಒಂದು ಮಾತು ಸೇರಿಸಿದರು: ನಾನು ದಿನಕ್ಕೆ ಎಂಟು ಹತ್ತು ಗಂಟೆ ನಿಂತಿರುತ್ತೇನೆ, ನಿಲ್ಲಿಸುವುದಕ್ಕೆ ನಾಲ್ಕೇ ಗಂಟೆ ಮಿತಿ ಯಾಕೆ? ತಾರೀಖು ಗಮನಿಸಿದಿರಾ? ಖಹ್ತಾನಿಯ ವಿಚಾರಣೆ ಸಹಿಗಿಂತ ಒಂಬತ್ತು ದಿನ ಮೊದಲೇ ಶುರುವಾಗಿತ್ತು. ಇಂಥ ತಾರೀಖಿನ ವ್ಯತ್ಯಾಸ ಕಂಡರೆ ಯಾವ ವಕೀಲನ ಕಿವಿಯಾದರೂ ನೆಟ್ಟಗಾಗುತ್ತದೆ.

ಒಳಗಿದ್ದವರೆಲ್ಲ ಬಾಯಿಮುಚ್ಚಿ ಕೂತಿರಲಿಲ್ಲ. ನೌಕಾಪಡೆಯ ಹಿರಿಯ ಕಾನೂನು ಅಧಿಕಾರಿ ಆಲ್ಬರ್ಟೋ ಮೋರಾ ಪಟ್ಟು ಹಿಡಿದು ತಕರಾರು ಎತ್ತಿದ್ದರಿಂದಲೇ 2003ರ ಜನವರಿ 15ರಂದು ರಮ್ಸ್‌ಫೆಲ್ಡ್ ಆ ಅನುಮತಿ ಹಿಂತೆಗೆದುಕೊಂಡರು. ಎಫ್‌ಬಿಐ ಅಧಿಕಾರಿಗಳೂ ಮೊದಲೇ ಎಚ್ಚರಿಸಿದ್ದರು. ತಿಂಗಳುಗಟ್ಟಲೆ ಒಂಟಿ ಕೋಣೆಯಲ್ಲಿದ್ದ ಖಹ್ತಾನಿ ಇಲ್ಲದವರ ಜೊತೆ ಮಾತಾಡುತ್ತಿದ್ದ, ಹೊದಿಕೆ ಹೊದ್ದು ಗಂಟೆಗಟ್ಟಲೆ ಮೂಲೆಯಲ್ಲಿ ಮುದುಡಿರುತ್ತಿದ್ದ ಎಂಬುದು ಅವರ ಪತ್ರದಲ್ಲೇ ಇದೆ.

ಇನ್ನು ಮಾಹಿತಿಯ ವಿಷಯ. ಈ ವಿಧಾನಗಳ ಮೂಲ ಎಲ್ಲಿಯದು ಗೊತ್ತೇ? ಶತ್ರುವಿನ ಕೈಗೆ ಸಿಕ್ಕರೆ ತಡೆದುಕೊಳ್ಳಲೆಂದು ಅಮೆರಿಕ ತನ್ನ ಸೈನಿಕರಿಗೆ ಕೊಡುವ ತರಬೇತಿಯಿಂದ ಎತ್ತಿಕೊಂಡದ್ದು. ಆ ತರಬೇತಿ ಹುಟ್ಟಿದ್ದು ಕೊರಿಯಾ ಯುದ್ಧದಲ್ಲಿ ಚೀನೀಯರು ಅಮೆರಿಕನ್ ಕೈದಿಗಳ ಮೇಲೆ ಪ್ರಯೋಗಿಸಿದ ವಿಧಾನಗಳನ್ನು ನೋಡಿ. ಚೀನೀಯರಿಗೆ ಬೇಕಿದ್ದದ್ದು ನಿಜವಲ್ಲ, ಪ್ರಚಾರಕ್ಕೆ ಬಳಸಲು ಸುಳ್ಳು ತಪ್ಪೊಪ್ಪಿಗೆ. ಸುಳ್ಳು ಹೇಳಿಸುವ ಯಂತ್ರಕ್ಕೆ ನಿಜ ಹೇಳು ಅಂತ ಗುಂಡಿ ಒತ್ತಿದ ಹಾಗಾಯಿತು. ಸೆನೆಟ್ಟಿನ ಸಶಸ್ತ್ರ ಸೇವೆಗಳ ಸಮಿತಿ 2008ರಲ್ಲಿ ಇದನ್ನೆಲ್ಲ ಬಿಡಿಸಿಟ್ಟು, ಸರಿಯಾದ ಮಾಹಿತಿ ಸಂಗ್ರಹಿಸುವ ಸಾಮರ್ಥ್ಯಕ್ಕೇ ಇದರಿಂದ ಪೆಟ್ಟು ಬಿತ್ತು ಎಂದಿತು. ಆ ಸಮಿತಿಯಲ್ಲಿ ಜಾನ್ ಮೆಕೇನ್ ಇದ್ದರು. ವಿಯೆಟ್ನಾಮಿನಲ್ಲಿ ಸ್ವತಃ ಯುದ್ಧಕೈದಿಯಾಗಿ ಹಿಂಸೆ ಉಂಡವರು ಅವರು, ಅವರಿಗೆ ಬೇರೆಯವರು ಪಾಠ ಹೇಳಬೇಕಿರಲಿಲ್ಲ.

ಆಮೇಲೆ ಕೇಸು ಏನಾಯಿತು? 2008ರ ಫೆಬ್ರವರಿಯಲ್ಲಿ ಖಹ್ತಾನಿ ಮೇಲೆ ಆರೋಪ ಹೊರಿಸಿದರು, ಮೇ ತಿಂಗಳಲ್ಲಿ ಕೈಬಿಟ್ಟರು. ಯಾವ ಕೇಸು ವಿಚಾರಣೆಗೆ ಹೋಗಬೇಕೆಂದು ನಿರ್ಧರಿಸುವ ಅಧಿಕಾರ ಇದ್ದದ್ದು ಸೂಸನ್ ಕ್ರಾಫರ್ಡ್ ಎಂಬ ನಿವೃತ್ತ ನ್ಯಾಯಾಧೀಶೆಗೆ. ಅವರೇನು ಎಡಪಂಥೀಯರಲ್ಲ, ರಿಪಬ್ಲಿಕನ್ ಸರ್ಕಾರಗಳಲ್ಲೇ ಕೆಲಸ ಮಾಡಿದವರು. 2009ರ ಜನವರಿಯಲ್ಲಿ ಪತ್ರಿಕೆಗೆ ನೇರವಾಗಿ ಹೇಳಿದರು: ನಾವು ಖಹ್ತಾನಿಗೆ ಚಿತ್ರಹಿಂಸೆ ಕೊಟ್ಟೆವು, ಅದಕ್ಕೇ ಕೇಸನ್ನು ಮುಂದಕ್ಕೆ ಕಳಿಸಲಿಲ್ಲ. ಕೊನೆಗೆ 2022ರ ಮಾರ್ಚಿನಲ್ಲಿ ಅವನನ್ನು ಮಾನಸಿಕ ಚಿಕಿತ್ಸೆಗೆಂದು ಸೌದಿಗೆ ಕಳಿಸಿಕೊಟ್ಟರು. ಕೋರ್ಟಿನಲ್ಲಿ ಒಂದು ದಿನದ ವಿಚಾರಣೆಯೂ ನಡೆಯಲಿಲ್ಲ. ಮೊದಲು ಹೇಳಿದ ಆ ಬೆರಳಚ್ಚು, ಆ ಸಾಕ್ಷಿ ಎಲ್ಲ ಹಾಗೇ ಉಳಿದವು.

ಅಲ್ಲಿದ್ದವರೆಲ್ಲ ಖಹ್ತಾನಿಯಂಥವರೂ ಅಲ್ಲ. ಒಟ್ಟು ಸುಮಾರು 780 ಜನರನ್ನು ಗ್ವಾಂಟನಾಮೋಗೆ ತಂದರು. ಅದರಲ್ಲಿ ಬಹುಪಾಲು ಅಮೆರಿಕದ ಸೈನಿಕರು ಹಿಡಿದವರಲ್ಲ, ತಲೆಗಿಷ್ಟು ಅಂತ ಇನಾಮು ಘೋಷಿಸಿದ್ದ ಕಾಲದಲ್ಲಿ ಪಾಕಿಸ್ತಾನದವರೂ ಅಫ್ಘಾನ್ ಸೇನಾಪತಿಗಳೂ ಹಿಡಿದುಕೊಟ್ಟವರು. ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ಬಗ್ರಾಮ್ ಸೇನಾ ನೆಲೆಯಲ್ಲಿ 2002ರ ಡಿಸೆಂಬರ್ 10ರಂದು ದಿಲಾವರ್ ಎಂಬ 22 ವರ್ಷದ ಟ್ಯಾಕ್ಸಿ ಚಾಲಕ ಸತ್ತ. ಕೈಗಳನ್ನು ಛಾವಣಿಗೆ ಕಟ್ಟಿ, ಕಾಲಿಗೆ ಮತ್ತೆ ಮತ್ತೆ ಮೊಣಕಾಲಿನಿಂದ ಗುದ್ದಿದ್ದರು. ಸೇನೆಯ ವೈದ್ಯರೇ ಅದನ್ನು ನರಹತ್ಯೆ ಎಂದು ದಾಖಲಿಸಿದರು. ವಿಚಾರಣೆ ಮಾಡಿದವರಲ್ಲಿ ಹೆಚ್ಚಿನವರು ಅಷ್ಟೊತ್ತಿಗೆ ಅವನು ನಿರಪರಾಧಿ ಅಂತಲೇ ನಂಬಿದ್ದರು.

ನಮ್ಮಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬ ನಿಯಮ ಬ್ರಿಟಿಷರ ಕಾಲದಿಂದ ಇದೆ. ಹಳೆಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 25ನೇ ಕಲಂ, 2024ರಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಕಲಂ. ಅದನ್ನು ಬರೆದವರು ಕೈದಿಗಳ ಮೇಲಿನ ಪ್ರೀತಿಗೆ ಬರೆಯಲಿಲ್ಲ, ಠಾಣೆಯಲ್ಲಿ ಏನು ನಡೆಯುತ್ತದೆಂದು ಗೊತ್ತಿದ್ದು ಬರೆದರು. ಭಯೋತ್ಪಾದನೆ ತಡೆಯಲೆಂದು ತಂದ ಟಾಡಾ, ಪೋಟಾ ಕಾಯ್ದೆಗಳಲ್ಲಿ ಅದನ್ನು ಸಡಿಲಿಸಿದ್ದೂ ನಾವೇ. ಚಿತ್ರಹಿಂಸೆ ವಿರೋಧಿ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ, ಅನುಮೋದನೆ ಮಾತ್ರ ಇನ್ನೂ ಆಗಿಲ್ಲ. ಹಾಗಾಗಿ ಬೀಗುವಂಥದ್ದೇನೂ ಇಲ್ಲ. ಅಮೆರಿಕ 1994ರಲ್ಲೇ ಅನುಮೋದಿಸಿ, ಆಮೇಲೆ ಇಷ್ಟೆಲ್ಲ ಮಾಡಿತು.

ಕೋರ್ಟುಗಳು ತಡವಾಗಿಯಾದರೂ ಎಚ್ಚೆತ್ತವು. ಕೈದಿಗಳು ಅಮೆರಿಕದ ಕೋರ್ಟಿಗೆ ಅರ್ಜಿ ಹಾಕಬಹುದೆಂದು 2004ರಲ್ಲೂ, ಜಿನೀವಾ ಒಪ್ಪಂದದ ಕನಿಷ್ಠ ರಕ್ಷಣೆ ಇವರಿಗೂ ಉಂಟೆಂದು 2006ರಲ್ಲೂ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಈಗಲೂ ಹಳೆಯ ಹಿಂಸೆ ಬೆನ್ನು ಬಿಟ್ಟಿಲ್ಲ. ಯುಎಸ್‌ಎಸ್ ಕೋಲ್ ಎಂಬ ಅಮೆರಿಕದ ಯುದ್ಧನೌಕೆಯ ಮೇಲಿನ ದಾಳಿಯ ಆರೋಪಿ ಅಲ್ ನಶೀರಿ 2007ರಲ್ಲಿ ಕೊಟ್ಟ ತಪ್ಪೊಪ್ಪಿಗೆಯನ್ನು, ಅದಕ್ಕೆ ಹಿಂದಿನ ಸಿಐಎ ಹಿಂಸೆಯ ನೆರಳು ಇದೆಯೆಂದು, 2023ರಲ್ಲಿ ಸೇನೆಯ ನ್ಯಾಯಾಧೀಶರೇ ತಿರಸ್ಕರಿಸಿದರು.

ಇನ್ನು ಶಿಕ್ಷೆ. ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಕೈದಿಗಳಿಗೆ ಹಿಂಸೆ ಕೊಟ್ಟ ಫೋಟೋಗಳಲ್ಲಿ ಕಂಡ ಅಮೆರಿಕದ ಸೈನಿಕ ಚಾರ್ಲ್ಸ್ ಗ್ರೇನರ್‌ಗೆ ಹತ್ತು ವರ್ಷ ಬಿತ್ತು. ಬಗ್ರಾಮಿನ ಪ್ರಕರಣದಲ್ಲಿ ಕೆಳಗಿನ ಕೆಲವು ಸೈನಿಕರಿಗೆ ಕೆಲವೇ ತಿಂಗಳ ಜೈಲು, ಹುದ್ದೆಯಲ್ಲಿ ಹಿಂಬಡ್ತಿ. ಖಹ್ತಾನಿ ವಿಷಯದಲ್ಲಿ ಗ್ವಾಂಟನಾಮೋದ ಕಮಾಂಡರ್ ಜೆಫ್ರಿ ಮಿಲ್ಲರ್‌ಗೆ ಛೀಮಾರಿ ಹಾಕಬೇಕೆಂದು ಸೇನೆಯ ತನಿಖಾ ವರದಿ 2005ರಲ್ಲಿ ಶಿಫಾರಸು ಮಾಡಿತು, ಮೇಲಧಿಕಾರಿ ಅದನ್ನೂ ಒಪ್ಪಲಿಲ್ಲ. ರಮ್ಸ್‌ಫೆಲ್ಡ್ 2021ರಲ್ಲಿ ತೀರಿಕೊಳ್ಳುವವರೆಗೂ ಯಾವ ಕಟಕಟೆಯೂ ಹತ್ತಲಿಲ್ಲ. ಆಗಸ್ಟ್ ಟಿಪ್ಪಣಿಗೆ ಸಹಿ ಹಾಕಿದ ಜೇ ಬೈಬೀ ಮರುವರ್ಷವೇ ಫೆಡರಲ್ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಾದರು. ಅದರ ಕರಡು ಬರೆದ ಜಾನ್ ಯೂ ಬರ್ಕ್ಲಿಯಲ್ಲಿ ಕಾನೂನು ಪ್ರಾಧ್ಯಾಪಕರು.