ಹತ್ತು ವರ್ಷ ಕಾರು ಓಡಿಸಿದ ಕೈಗೆ ವಿಮಾನ ಸುಲಭವಾ?

ಕಾರಿನಲ್ಲಿ ಕೈ ಪಳಗಿದೆ, ವಿಮಾನ ಬೇಗ ಕಲಿಯಬಹುದಾ, ಮನೆಯಲ್ಲಿ ಅಭ್ಯಾಸಕ್ಕೆ ಸಿಮ್ಯುಲೇಟರ್ ಯೋಕ್, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟದ ಹಿಡಿಕೆ ಕೊಳ್ಳಲಾ ಅಂತ ಕೇಳಿದ್ದೀರಿ. ಆ ಪಳಗಿದ ಕೈಯೇ ನನಗೆ ಮುಳುವಾಯಿತು.

ಮಳೆಗಾಲದ ರಾತ್ರಿ ಶಿರಾಡಿ ಘಾಟಿ ಇಳಿದವನು ಅನ್ನುವ ಜಂಬ ಹೊತ್ತೇ ಫ್ಲೈಯಿಂಗ್ ಸ್ಕೂಲಿಗೆ ಸೇರಿದೆ. ವಿಮಾನ ಸೆಸ್ನಾ 172, ಒಂದೇ ಎಂಜಿನ್ನಿನ ಪುಟ್ಟ ವಿಮಾನ. ಎದುರಿಗೆ ಅರ್ಧ ಕತ್ತರಿಸಿದ ಸ್ಟೀರಿಂಗ್ ಥರ ಯೋಕ್ ಇರುತ್ತದೆ. ನೆಲದ ಮೇಲೆ ಅದನ್ನು ಎಷ್ಟು ತಿರುಗಿಸಿದರೂ ವಿಮಾನ ತಿರುಗುವುದಿಲ್ಲ. ಮುಂದಿನ ಚಕ್ರ ಕೇಳುವುದು ಕಾಲಿನ ಮಾತು. ಬಾಲದ ಚುಕ್ಕಾಣಿಯಾದ ರಡ್ಡರನ್ನು ಆಡಿಸುವ ಪೆಡಲುಗಳೇ ಅದನ್ನೂ ತಿರುಗಿಸುತ್ತವೆ. ಬಲ ರಡ್ಡರ್ ಪೆಡಲ್ ಒತ್ತಿದರೆ ಬಲಕ್ಕೆ, ಎಡದ್ದು ಒತ್ತಿದರೆ ಎಡಕ್ಕೆ. ಬ್ರೇಕೂ ಅದೇ ಪೆಡಲುಗಳ ಮೇಲ್ತುದಿಯಲ್ಲಿ, ಎಡ ಬಲ ಚಕ್ರಕ್ಕೆ ಬೇರೆ ಬೇರೆ. ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಥ್ರಾಟಲ್ ಬಲಗೈಯಲ್ಲಿ.

ಇದೆಲ್ಲ ಬಾಯಿಪಾಠ ಆಗಿತ್ತು. ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬನೇ ಹಾರುವ ಸೋಲೋ ಹಾರಾಟವೂ ಶುರುವಾಗಿತ್ತು.

ಅವತ್ತು ಎಡಗಡೆಯಿಂದ ಅಡ್ಡಗಾಳಿ. 65 ನಾಟ್ ಆಸುಪಾಸಿನಲ್ಲಿ, ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ಇಳಿಯಲು ಬಂದೆ. ಚಕ್ರ ಚೆನ್ನಾಗಿಯೇ ನೆಲ ಮುಟ್ಟಿತು. ಮುಂದೆ ಉದ್ದಕ್ಕೆ ಡಾಂಬರು, ನಡುವೆ ಬಿಳಿ ಗೆರೆ. ತಲೆ ಅದನ್ನು ಹೈವೇ ಅಂದುಕೊಂಡುಬಿಟ್ಟಿತು. ಗಾಳಿ ಬಾಲವನ್ನು ತಳ್ಳಿ ಮೂತಿ ಎಡಕ್ಕೆ ತಿರುಗಿತು. ಕಾರಾಗಿದ್ದರೆ ಸ್ಟೀರಿಂಗ್ ಬಲಕ್ಕೆ, ಅಲ್ವಾ? ಯೋಕನ್ನು ಬಲಕ್ಕೆ ತಿರುಗಿಸಿದೆ.

ಇಲ್ಲಿ ಏನಾಯಿತು ಅಂತ ಬಿಡಿಸಿಯೇ ಹೇಳುತ್ತೇನೆ. ಯೋಕಿನ ತಂತಿ ಹೋಗುವುದು ಚಕ್ರಕ್ಕಲ್ಲ, ರೆಕ್ಕೆಗಳ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳಾದ ಏಲರಾನ್‌ಗಳಿಗೆ. ಬಲಕ್ಕೆ ತಿರುಗಿಸಿದರೆ ಬಲರೆಕ್ಕೆ ಇಳಿಯುತ್ತದೆ, ಎಡರೆಕ್ಕೆ ಏಳುತ್ತದೆ. ಚಕ್ರ ನೆಲ ಮುಟ್ಟಿದ ಮಾತ್ರಕ್ಕೆ ರೆಕ್ಕೆಗಳ ಶಕ್ತಿ ಹೋಗುವುದಿಲ್ಲ. ಆ ವೇಗದಲ್ಲಿ ವಿಮಾನ ಇನ್ನೂ ಅರ್ಧ ಹಾರುತ್ತಲೇ ಇರುತ್ತದೆ. ಗಾಳಿ ಬರುತ್ತಿದ್ದದ್ದು ಎಡದಿಂದ. ನಾನು ಎಡರೆಕ್ಕೆಯನ್ನೇ ಎತ್ತಿ ಅದರ ಬಾಯಿಗೆ ಕೊಟ್ಟೆ. ಯೋಕ್ ಎಡಕ್ಕೆ ಹೋಗಬೇಕಿತ್ತು, ವೇಗ ಇಳಿದಷ್ಟೂ ಇನ್ನೂ ಎಡಕ್ಕೆ. ಮೂತಿ ನೇರ ಮಾಡುವ ಕೆಲಸ ಬಲಗಾಲಿನದು. ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ. ನಾನೋ, ಮೂತಿ ತಿರುಗಲಿಲ್ಲ ಅಂತ ಯೋಕನ್ನು ಬಲಕ್ಕೆ ಇನ್ನೂ ಜಾಸ್ತಿ ತಿರುಗಿಸಿದೆ. ಎಡಚಕ್ರ ಎದ್ದಿತು, ಬಲರೆಕ್ಕೆಯ ತುದಿ ಡಾಂಬರು ಕೆರೆಯಿತು. ಗಾಬರಿಯಲ್ಲಿ ಬಲಗಾಲನ್ನು ಪೂರ್ತಿ ಊರಿ ತುಳಿದೆ. ರಡ್ಡರ್ ಜೊತೆ ಬಲಚಕ್ರದ ಬ್ರೇಕೂ ಹಿಡಿಯಿತು. ವಿಮಾನ ಗಕ್ಕನೆ ಬಲಕ್ಕೆ ಎಳೆದು ಹುಲ್ಲಿಗೆ ನುಗ್ಗಿ ನಿಂತಿತು.

ನನಗೆ ಏನೂ ಆಗಲಿಲ್ಲ. ರೆಕ್ಕೆಯ ರಿಪೇರಿ, ವಿಚಾರಣೆ, ತಿಂಗಳುಗಟ್ಟಲೆ ಸೋಲೋ ಬಂದ್. ಅಪ್ಪ ತೋಟದ ಮೇಲೆ ತೆಗೆದಿದ್ದ ಸಾಲದ ಬಡ್ಡಿ ಮಾತ್ರ ಬಂದ್ ಆಗಲಿಲ್ಲ.

ನಮ್ಮ ಬ್ಯಾಚಿನಲ್ಲಿ ಸ್ಕೂಟಿ ಬಿಟ್ಟು ಬೇರೇನೂ ಓಡಿಸದ ಹುಡುಗಿಯೊಬ್ಬಳಿದ್ದಳು. ನನಗಿಂತ ಎಷ್ಟೋ ಬೇಗ ಕಲಿತಳು. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಕಾರಿನಲ್ಲಿ ತಿರುವು ಮುಗಿಯುವ ತನಕ ಸ್ಟೀರಿಂಗ್ ತಿರುಗಿಸಿ ಹಿಡಿದಿರಬೇಕು. ವಿಮಾನವನ್ನು ಬೇಕಾದಷ್ಟು ವಾಲಿಸಿ ಯೋಕ್ ನಡುವಿಗೆ ತಂದುಬಿಡಬೇಕು, ಅದು ತಿರುಗುತ್ತಲೇ ಇರುತ್ತದೆ. ಹಿಡಿದೇ ಇದ್ದರೆ ವಾಲುತ್ತಲೇ ಹೋಗುತ್ತದೆ. ಎರಡು ಚಕ್ರದವರಿಗೆ ವಾಲಿ ತಿರುಗುವುದು ಹೊಸದಲ್ಲ. ರೈಟ್ ಸಹೋದರರು ಸೈಕಲ್ ಅಂಗಡಿಯವರು, ಅದು ಸುಮ್ನೆ ಅಲ್ಲ ಅಂತ ನನ್ನ ನಂಬಿಕೆ. 1903ರ ಅವರ ವಿಮಾನದಲ್ಲಿ ಪೈಲಟ್ ಬೋರಲು ಮಲಗಿ, ಸೊಂಟ ಸರಿಸಿ, ರೆಕ್ಕೆಗಳನ್ನೇ ತಿರುಚಿ ವಾಲಿಸಬೇಕಿತ್ತು.

ಹಾಗಾಗಿ ಕಾರಿನ ಅನುಭವವನ್ನು ಬಂಡವಾಳ ಅಂತ ಲೆಕ್ಕ ಹಾಕಬೇಡಿ. ಮೊದಲು ಬಿಡಿಸಿಕೊಳ್ಳಬೇಕಾದ ಚಾಳಿ ಅದು. ಯೋಕ್ ಕೊಳ್ಳಬೇಡಿ. ಪೆಡಲ್ ಇಲ್ಲದೆ ಬರೀ ಯೋಕ್ ಇಟ್ಟುಕೊಂಡು ಆಡಿದರೆ ಸಿಮ್ಯುಲೇಟರಿನ ಆಟೋ ರಡ್ಡರ್ ನಿಮ್ಮ ಪರವಾಗಿ ಕಾಲಿನ ಕೆಲಸ ಮಾಡಿಬಿಡುತ್ತದೆ, ಚಾಳಿ ಗಟ್ಟಿಯಾಗುತ್ತದೆ. ದುಡ್ಡು ಖರ್ಚು ಮಾಡಲೇಬೇಕು ಅಂದರೆ ರಡ್ಡರ್ ಪೆಡಲ್ ಕೊಳ್ಳಿ, ಆ ಆಟೋ ರಡ್ಡರನ್ನು ಆಫ್ ಮಾಡಿ.

ಸ್ಕೂಲಿಗೆ ಸೇರಿದ ಮೇಲೆ, ಗಾಳಿ ಇಲ್ಲದ ದಿನ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇರುವಾಗ, ಯೋಕ್ ಮುಟ್ಟದೆ ಎಡಗೈಯನ್ನು ತೊಡೆಯ ಮೇಲಿಟ್ಟು ಟ್ಯಾಕ್ಸಿ ಮಾಡಿ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸಿ. ಗಾಳಿ ಇದ್ದರೆ ಮಾತ್ರ ಹೀಗೆ ಮಾಡಬೇಡಿ. ಎದುರಿನ ಓರೆಯಿಂದ ಬರುವ ಗಾಳಿಗೆ ಯೋಕ್ ಅದರ ಕಡೆಗೇ ಇರಲಿ. ಹಿಂದಿನ ಓರೆಯಿಂದ ಬಂದರೆ ಅದರ ಆಚೆ ಕಡೆಗೆ ತಿರುಗಿಸಿ, ಮುಂದಕ್ಕೂ ತಳ್ಳಿ ಹಿಡಿಯಿರಿ.