ಸಂಪಾದಕರ ಉತ್ತರ: ತಿರುಗದ ಚೆಂಡೂ ಮಿರ್ಚಿ ಭಜಿಯೂ

ಬಾಗಲಕೋಟೆ ನವನಗರದ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಅವರಿಗೂ ಪಕ್ಕದ ಮನೆಯವರಿಗೂ ಒಂದು ಪ್ಲೇಟ್ ಮಿರ್ಚಿ ಭಜಿಯ ಪಂದ್ಯವಂತೆ. 'ಅನಿಲ್ ಕುಂಬ್ಳೆ ಚೆಂಡು ತಿರುಗುತ್ತಲೇ ಇರಲಿಲ್ಲ. ದಿಲ್ಲಿಯ ಹತ್ತು ವಿಕೆಟ್ ಬರೀ ಪಿಚ್ಚಿನ ಪುಣ್ಯ' ಎಂಬುದು ಮಾಸ್ತರರ ವಾದ. ಕೊನೆಗೆ ಇನ್ನೊಂದು ಸಾಲು: 'ಮೊಮ್ಮಗಳು ಎಡಗೈ ಸ್ಪಿನ್ ಹಾಕುತ್ತಾಳೆ. ಅವಳದೂ ತಿರುಗುವುದಿಲ್ಲ. ಬಿಡಿಸಿಬಿಡಲೇ?'

ಮಾಸ್ತರೇ, ನಿಮ್ಮ ಮಾತು ಅರ್ಧ ಸರಿ. ಆಸ್ಟ್ರೇಲಿಯಾದ ಸ್ಪಿನ್ನರ್ ಶೇನ್ ವಾರ್ನ್ ಚೆಂಡಿನಷ್ಟು ಕುಂಬ್ಳೆ ಚೆಂಡು ತಿರುಗುತ್ತಿರಲಿಲ್ಲ. ಆದರೆ ಪಕ್ಕಕ್ಕೆ ತಿರುಗಿದರೆ ಮಾತ್ರ ಸ್ಪಿನ್ ಅಂತ ಯಾರು ಹೇಳಿದ್ದು?

ಮನೆಯಲ್ಲಿ ಇಂಡಿ ಲಿಂಬೆಹಣ್ಣು ಇದ್ದರೆ ಒಂದನ್ನು ಕೈಗೆ ತೆಗೆದುಕೊಳ್ಳಿ. ಬೆರಳಿನಿಂದ ಪಕ್ಕಕ್ಕೆ ತಿರುವಿ ಟೇಬಲ್ ಮೇಲೆ ಬಿಟ್ಟರೆ ಅದು ಪಕ್ಕಕ್ಕೇ ಓಡುತ್ತದೆ. ಈಗ ಗಾಡಿ ಚಕ್ರದ ಹಾಗೆ ಮುಂದಕ್ಕೆ ತಿರುವಿ ಬಿಡಿ. ನೆಟ್ಟಗೆ ಮುಂದಕ್ಕೆ ನುಗ್ಗುತ್ತದೆ. ಅದೇ ಕ್ರಿಕೆಟ್ ಚೆಂಡಾದರೆ ಗಾಳಿಯಲ್ಲಿ ಬೇಗ ಇಳಿದು, ನೆಲಕ್ಕೆ ಬಿದ್ದ ಮೇಲೆ ಜಾಸ್ತಿ ಪುಟಿಯುತ್ತದೆ. ಆರಡಿ ಮೀರಿದ ಎತ್ತರದಿಂದ, ಮೊದಲು ಮಧ್ಯಮ ವೇಗದ ಬೌಲಿಂಗ್ ಮಾಡಿದ ಕುಂಬ್ಳೆ ತೋಳಿನಿಂದ ಅದು ಬಂದರೆ ಹೇಗಿರಬೇಡ! ಇದರ ಜೊತೆಗೆ ಫ್ಲಿಪ್ಪರ್. ಚಿಟಿಕೆ ಹೊಡೆದ ಹಾಗೆ ಬೆರಳ ಸಂದಿಯಿಂದ ಜಾರಿಸುವ ಚೆಂಡು. ಅದು ಮೇಲೇಳುವುದೇ ಇಲ್ಲ. ಒಂದು ಎದೆಗೆ, ಒಂದು ಮೊಣಕಾಲಿಗೆ. ಬ್ಯಾಟ್ಸ್‌ಮನ್ ಯಾವುದಕ್ಕಂತ ಕಾಯಬೇಕು?

ನಂಬಿಕೆ ಬರದಿದ್ದರೆ 1999ರ ಫೆಬ್ರವರಿ 7ರ ಸ್ಕೋರ್‌ಕಾರ್ಡ್ ತೆಗೆಯಿರಿ. ದಿಲ್ಲಿಯ ಫಿರೋಜ್ ಷಾ ಕೋಟ್ಲಾ ಮೈದಾನ, ಪಾಕಿಸ್ತಾನಕ್ಕೆ 420ರ ಗುರಿ. ವಿಕೆಟ್ ಬೀಳದೆ 101 ಆಗಿತ್ತು. ಆಮೇಲೆ 207ಕ್ಕೆ ಎಲ್ಲ ಮುಗಿಯಿತು. ಕುಂಬ್ಳೆ 74 ರನ್ ಕೊಟ್ಟು 10 ವಿಕೆಟ್. ಅದರಲ್ಲಿ ಮೂರು ಎಲ್‌ಬಿಡಬ್ಲ್ಯೂ (ಸ್ಟಂಪಿಗೆ ಹೋಗುವ ಚೆಂಡು ಕಾಲಿಗೆ ಬಡಿದು ಔಟ್), ಎರಡು ಬೌಲ್ಡ್. ಅಂದರೆ ಅರ್ಧದಷ್ಟು ನೆಟ್ಟಗಿನ ಚೆಂಡಿನ ಗಳಿಕೆ. ಸಯೀದ್ ಅನ್ವರ್, ವಾಸಿಂ ಅಕ್ರಂ ಇಬ್ಬರೂ ಬ್ಯಾಟ್ಸ್‌ಮನ್ ಹತ್ತಿರವೇ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಲಕ್ಷ್ಮಣ್‌ಗೆ ಕ್ಯಾಚ್ ಕೊಟ್ಟರು. ಅದು ಪುಟಿತದ ಕೆಲಸ.

ಪಿಚ್ ಹಾಳಾಗಿತ್ತು, ಒಪ್ಪಿದೆ. ಆದರೆ ಅದೇ ಪಿಚ್ಚಿನಲ್ಲಿ ಹರ್ಭಜನ್ ಕೂಡ ಹಾಕಿದರಲ್ವಾ? ಅಷ್ಟೇಕೆ, ಊಟಕ್ಕೆ ಮೊದಲು ಇನ್ನೊಂದು ತುದಿಯಿಂದ ಹಾಕಿದ ಕುಂಬ್ಳೆಗೂ ಒಂದೂ ಸಿಕ್ಕಿರಲಿಲ್ಲ.

ಅವತ್ತು ಭಾನುವಾರ. ನಮ್ಮೂರು ಆಗಿನ್ನೂ ಬಿಜಾಪುರ. ಗಾಂಧಿ ಚೌಕದ ಟೀವಿ ಅಂಗಡಿ ಮುಂದೆ ನಿಂತು ನೋಡುತ್ತಿದ್ದೆ. ಒಂಬತ್ತು ಬಿದ್ದಾಗ ಸರಿಯಾಗಿ ಕರೆಂಟ್ ಹೋಯಿತು! ನಾಲ್ಕು ಅಂಗಡಿ ಆಚೆ ಪಾನ್ ಅಂಗಡಿಯವನ ಟ್ರಾನ್ಸಿಸ್ಟರ್‌ಗೆ ಇಪ್ಪತ್ತು ಜನ ಕಿವಿ ಹಚ್ಚಿದೆವು. ಆ ಕಡೆಯ ತುದಿಯಿಂದ ಶ್ರೀನಾಥ್ ಬೇಕಂತಲೇ ಸ್ಟಂಪಿನಿಂದ ದೂರ ದೂರ ಹಾಕುತ್ತಿದ್ದರು. ಗೆಳೆಯನ ಹತ್ತನೆಯದು ತಮ್ಮ ಕೈಗೆ ಬರಬಾರದು ಅಂತ. ಅಕ್ರಂ ಔಟಾದಾಗ ಪಾನ್ ಅಂಗಡಿಯವ ಸುಣ್ಣದ ಕೈಯಲ್ಲೇ ನನ್ನನ್ನು ಅಪ್ಪಿಕೊಂಡ. ಆ ಅಂಗಿಯ ಕಲೆ ಕೊನೆಗೂ ಹೋಗಲಿಲ್ಲ.

ಕೋಟ್ಲಾಕ್ಕೂ ಕುಂಬ್ಳೆಗೂ ಏನೋ ನಂಟು. 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಟೆಸ್ಟ್‌ಗೆ ಇಳಿದ ಕನ್ನಡಕದ ಹುಡುಗನನ್ನು ಆಮೇಲೆ ಎರಡು ವರ್ಷ ಕೇಳಿದವರಿಲ್ಲ. 1992ರಲ್ಲಿ ಇರಾನಿ ಟ್ರೋಫಿ ಎಂಬ ದೇಶೀಯ ಪಂದ್ಯದಲ್ಲಿ ಇದೇ ಕೋಟ್ಲಾದಲ್ಲಿ 13 ವಿಕೆಟ್ ಕಿತ್ತ ಮೇಲೆ ಮತ್ತೆ ಕರೆ ಬಂತು. 2008ರ ನವೆಂಬರ್‌ನಲ್ಲಿ ವಿದಾಯವೂ ಅಲ್ಲೇ. ಕಿರುಬೆರಳಿಗೆ ಹೊಲಿಗೆ ಹಾಕಿಸಿಕೊಂಡು ಬಂದು, ತಮ್ಮದೇ ಬೌಲಿಂಗ್‌ನಲ್ಲಿ ಆಸ್ಟ್ರೇಲಿಯಾದ ಮಿಚೆಲ್ ಜಾನ್ಸನ್ ಕ್ಯಾಚನ್ನು ತಾವೇ ಹಿಡಿದರು. ಅದು ಅವರ 619ನೆಯ ಟೆಸ್ಟ್ ವಿಕೆಟ್. 132 ಟೆಸ್ಟ್, 40 ಸಾವಿರಕ್ಕೂ ಜಾಸ್ತಿ ಚೆಂಡು. ಭಾರತದಲ್ಲಿ ಇನ್ನೂ ಯಾರೂ ಆ ಲೆಕ್ಕ ಮುಟ್ಟಿಲ್ಲ. ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ವೆಸ್ಟ್ ಇಂಡೀಸಿನ ಲಾರಾ ವಿಕೆಟ್ ತೆಗೆದದ್ದು ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ.

ಇನ್ನು ಮೊಮ್ಮಗಳ ವಿಷಯ. ಬಿಡಿಸಬೇಡಿ, ಮಾಸ್ತರೇ. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ಎಡಗೈ ಸ್ಪಿನ್ನರೇ. 2017ರ ವಿಶ್ವಕಪ್‌ನಲ್ಲಿ ಡರ್ಬಿಯಲ್ಲಿ 15 ರನ್ ಕೊಟ್ಟು 5 ವಿಕೆಟ್ ತೆಗೆದರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ನಿಮ್ಮ ಹುಡುಗಿಗೆ ಸುಮ್ನೆ ಒಂದು ಕರವಸ್ತ್ರ ಕೊಡಿ. ಚೆಂಡು ಬೀಳಬೇಕಾದ ಕಡೆ ಹಾಸಲಿ. ನೂರರಲ್ಲಿ ಎಷ್ಟು ಅದರ ಮೇಲೆ ಬೀಳುತ್ತವೆ ಅಂತ ದಿನಾ ಎಣಿಸಿ ಬರೆದಿಡಲಿ. ತಿರುಗಿಸುವುದನ್ನು ಆಮೇಲೆ ಕಲಿತರಾಯಿತು.

ಈಗ ಪಂದ್ಯ. ಮಿರ್ಚಿ ನೀವೇ ಕೊಡಿಸಬೇಕು. ತಿನ್ನುತ್ತಾ ಪಕ್ಕದ ಮನೆಯವರಿಗೆ ಇದನ್ನು ಕೇಳಿ ನೋಡಿ: 2007ರ ಇಂಗ್ಲೆಂಡ್ ಟೆಸ್ಟ್ ಸರಣಿಯಲ್ಲಿ ನಮ್ಮವರ ಪೈಕಿ ಶತಕ ಹೊಡೆದದ್ದು ಒಬ್ಬರೇ. ಯಾರು? ಸಚಿನ್, ದ್ರಾವಿಡ್, ಗಂಗೂಲಿ ಅಂತ ಯಾರ ಹೆಸರು ಹೇಳಿದರೂ ಎರಡನೇ ಪ್ಲೇಟಿನ ದುಡ್ಡು ಅವರದು. ಓವಲ್‌ನಲ್ಲಿ ಔಟಾಗದೆ 110 ಹೊಡೆದವರು ಕುಂಬ್ಳೆ.