ಕೈಗೆ ಶಕ್ತಿ ಬಂದಿದೆ, ಮತ್ತೆ ಈ ‘ಒತ್ತು, ನಿಲ್ಲಿಸು’ ಪರೀಕ್ಷೆ ಯಾಕೆ?

ಸ್ಟ್ರೋಕ್ ಆದ ನಿಮ್ಮ ತಂದೆಯ ಹಿಡಿತ ಈಗ ಗಟ್ಟಿಯಾಗಿದೆ, ಆದರೂ ಥೆರಪಿಸ್ಟ್ ಕಂಪ್ಯೂಟರ್ ಮುಂದೆ ಕೂರಿಸಿ ಬಟನ್ ಒತ್ತಿಸುತ್ತಾರೆ, ‘ನಿಲ್ಲಿ’ ಎಂದಾಗ ತಂದೆ ಅರ್ಧ ಸಲ ತಪ್ಪಾಗಿ ಒತ್ತಿಬಿಡುತ್ತಾರೆ, ಇದು ಟೈಂಪಾಸ್ ಅಲ್ವಾ ಎಂದು ಕೇಳಿದ್ದೀರಿ. ನಾನು ಇಂಥವರ ಕೈಗೆ ಥೆರಪಿ ಕೊಡುವ ಕೆಲಸದಲ್ಲೇ ಇದ್ದೇನೆ.

ಮೊದಲು ಆ ತಪ್ಪಿನ ವಿಷಯ. ಅದಕ್ಕೆ ಬೇಜಾರಾಗಬೇಡಿ, ಪರೀಕ್ಷೆ ಇರುವುದೇ ಹಾಗೆ. ತೆರೆಯ ಮೇಲೆ ಬಾಣದ ಗುರುತು ಕಂಡ ಕೂಡಲೇ ಒತ್ತಬೇಕು. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಸಲ, ಬಾಣದ ಹಿಂದೆಯೇ ‘ನಿಲ್ಲಿ’ ಸೂಚನೆ ಬರುತ್ತದೆ. ಬೆರಳು ತಡೆದರೆ, ಮುಂದಿನ ಸಲ ಆ ಸೂಚನೆ 50 ಮಿಲಿಸೆಕೆಂಡಿನಷ್ಟು ತಡವಾಗಿ ಬರುತ್ತದೆ. ಒತ್ತಿಬಿಟ್ಟರೆ ಅಷ್ಟೇ ಬೇಗ. ಯಾರನ್ನೇ ಕೂರಿಸಿ, ಕೊನೆಗೆ ಹೆಚ್ಚುಕಮ್ಮಿ ಅರ್ಧ ಸಲ ಸೋಲುವ ಜಾಗಕ್ಕೇ ತಂದು ನಿಲ್ಲಿಸುತ್ತದೆ. ನಾನು ಕೂತರೂ ಅಷ್ಟೇ.

ಯಾಕೆ ಹೀಗೆ? ಒತ್ತಿದ್ದನ್ನು ಗಡಿಯಾರದಲ್ಲಿ ಅಳೆಯಬಹುದು. ಒತ್ತದೇ ಇದ್ದದ್ದನ್ನು ಹೇಗೆ ಅಳೆಯುತ್ತೀರಿ? ಲೋಗನ್ ಮತ್ತು ಕೋವನ್ ಎಂಬ ಸಂಶೋಧಕರು 1984ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಮಿದುಳಿನಲ್ಲಿ ‘ಒತ್ತು’ ಮತ್ತು ‘ನಿಲ್ಲು’ ಓಟಕ್ಕೆ ಬಿದ್ದಿವೆ ಎಂದುಕೊಂಡು, ಯಾವ ಹಂತದಲ್ಲಿ ಎರಡೂ ಸಮಸಮ ಗೆಲ್ಲುತ್ತವೆ ಎನ್ನುವುದರಿಂದ ನಿಲ್ಲಿಸಲು ಬೇಕಾಗುವ ಸಮಯವನ್ನು ಲೆಕ್ಕ ಹಾಕುವುದು. ಆರೋಗ್ಯವಂತ ಯುವಕರಲ್ಲಿ ಅದು ಸುಮಾರು 200ರಿಂದ 250 ಮಿಲಿಸೆಕೆಂಡ್.

ಈಗ ಹಿಡಿತಕ್ಕೆ ಬರೋಣ, ಅಲ್ಲೂ ಬೇಕಾಗುವುದು ಇದೇ ನಿಲ್ಲಿಸುವ ಕೆಲಸ. ಸ್ಟ್ರೋಕ್ ಆದ ಕೈಯಲ್ಲಿ ಹಿಡಿಯುವುದಕ್ಕಿಂತ ಬಿಡುವುದೇ ಜಾಸ್ತಿ ಕಷ್ಟ. ತಂದೆಯವರು ಲೋಟ ಕೆಳಗಿಡುವಾಗ ಗಮನಿಸಿ ನೋಡಿ. ಲೋಟ ಮೇಜು ಮುಟ್ಟಿರುತ್ತದೆ, ಬೆರಳುಗಳು ಮಾತ್ರ ಬಿಗಿಯಾಗಿಯೇ ಇರುತ್ತವೆ. ಬಿಡಿಸಲು ಹೋದರೆ ಮಣಿಕಟ್ಟೇ ಮಡಿಸಿಕೊಳ್ಳುತ್ತದೆ. ಹಾಗೆಯೇ ತೋರುಬೆರಳೊಂದನ್ನೇ ಒತ್ತಿ ಎಂದರೆ ಪಕ್ಕದವೂ ಜೊತೆಗೆ ಒತ್ತುತ್ತವೆ. ಪ್ರತಿ ಬೆರಳಿನ ಕೆಳಗೂ ಸೆನ್ಸರ್ ಇಟ್ಟರೆ ಇದು ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಹಿಡಿತ ಅಳೆಯುವ ಮೀಟರಿಗೆ ಇದ್ಯಾವುದೂ ಕಾಣುವುದಿಲ್ಲ. ಬಿಡುವುದೇ ತೊಂದರೆಯಾಗಿರುವವರಿಗೆ ದಿನವಿಡೀ ಸ್ಪಂಜಿನ ಚೆಂಡು ಹಿಂಡಿಸುವುದು ನನಗಂತೂ ಸರಿ ಕಾಣುವುದಿಲ್ಲ. ಬೆರಳು ಬಿಚ್ಚುವ, ಒಂದೊಂದನ್ನೇ ಆಡಿಸುವ ಅಭ್ಯಾಸ ಬೇಕು.

ಹಾಗಂತ ಬಟನ್ ಪರೀಕ್ಷೆಯ ಅಂಕಿಯೊಂದನ್ನೇ ನಂಬಬೇಡಿ. ಗಮನ ಕಡಿಮೆಯಾದರೂ, ಒಂದು ಬದಿಯ ನೋಟ ತಪ್ಪಿದರೂ, ಸೂಚನೆ ಅರ್ಥವಾಗದಿದ್ದರೂ ಅದು ಕೆಡುತ್ತದೆ. ‘ತಪ್ಪಬಾರದು’ ಎಂದು ಬೇಕಂತಲೇ ಕಾದು ಒತ್ತುವವರೂ ಇದ್ದಾರೆ, ಆಗ ಲೆಕ್ಕವೇ ಹಳ್ಳ ಹಿಡಿಯುತ್ತದೆ. ಕೈ ಎಷ್ಟು ಸುಧಾರಿಸೀತು ಎಂದು ಅಂದಾಜು ಮಾಡಲು ಇದಕ್ಕಿಂತ ಸರಳ ನೋಟವೇ ಹೆಚ್ಚು ಉಪಯೋಗ: ಸ್ಟ್ರೋಕ್ ಆದ ಮೊದಲ 72 ಗಂಟೆಯಲ್ಲಿ ಭುಜವನ್ನು ಪಕ್ಕಕ್ಕೆ ಎತ್ತಲು, ಬೆರಳು ಚಾಚಲು ಸ್ವಲ್ಪವಾದರೂ ಆಯಿತಾ ಎಂಬುದು.

ಥೆರಪಿಸ್ಟನ್ನು ಎರಡು ವಿಷಯ ಕೇಳಿ. ಚೆನ್ನಾಗಿರುವ ಕೈಯಲ್ಲೂ ಅದೇ ಪರೀಕ್ಷೆ ಮಾಡಿಸಿದ್ದಾರಾ? ಬಂದ ಫಲಿತಾಂಶ ನೋಡಿ ವ್ಯಾಯಾಮದಲ್ಲಿ ಏನು ಬದಲಿಸಿದರು? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ನಿಮ್ಮ ಅಸಮಾಧಾನ ನ್ಯಾಯವೇ.